ಗೂಬೆಯ ಕಿವಿ, ಲಾಂಡ್ರಿಯ ಮೆಷಿನ್ನು

ರೇಡಿಯೋ ನಿಲಯದಲ್ಲಿ ಅವನಿಗೆ ಗೂಬೆ ಎಂದು ಹೆಸರಿಟ್ಟವರು ಯಾರೆಂದು ಯಾರಿಗೂ ನೆನಪಿಲ್ಲ. ಯಾರೇ ಆಗಲಿ, ಕಣ್ಣಿದ್ದವರು. ದುಂಡು ಮುಖ, ದಪ್ಪ ಗಾಜಿನ ಕನ್ನಡಕ, ಯಾರಾದರೂ ಕರೆದರೆ ಮೈ ಅಲುಗಿಸದೆ ಕುತ್ತಿಗೆಯನ್ನಷ್ಟೇ ಹೊರಳಿಸುವ ಅಭ್ಯಾಸ. ಮೇಲಾಗಿ ಊರೆಲ್ಲ ಮಲಗಿದ ಮೇಲೆ ಎದ್ದು ಕೂರುವ ಕೆಲಸ. ನಿಲಯದಲ್ಲಿ ಏನು ಕೆಟ್ಟರೂ ಅವನ ತಲೆಯ ಮೇಲೆ ಗೂಬೆ ಕೂರಿಸುವುದು ಎಲ್ಲರಿಗೂ ಸಲೀಸಾಗಿತ್ತು. ಗೂಬೆ ಹೇಗೂ ಅಲ್ಲೇ ಕೂತಿತ್ತಲ್ಲ.

ಹಗಲಲ್ಲಿ ಅವನದು ಪ್ರಕಟಣೆ ಓದುವ ಉದ್ಯೋಗ. ಇಂಥ ಬಡಾವಣೆಗೆ ನಾಳೆ ನೀರಿಲ್ಲ, ಇಂಥ ರಸ್ತೆ ಅಗೆದಿದ್ದಾರೆ, ಇಂಥ ವೃದ್ಧರು ಮನೆ ಬಿಟ್ಟು ಹೋದವರು ಬಂದಿಲ್ಲ, ಕಂಡವರು ತಿಳಿಸಿ. ಅವನ ದನಿ ಕೇಳಿದ ಕೂಡಲೇ ಊರಿನ ಹೆಂಗಸರು ಏನು ಹೇಳುತ್ತಾನೆಂದು ಕಾಯದೆ ನಲ್ಲಿಯ ಕೆಳಗೆ ಬಕೆಟ್ಟು ಇಡುತ್ತಿದ್ದರು. ಕಲಾವಿದನಿಗೆ ಇದಕ್ಕಿಂತ ದೊಡ್ಡ ಗೌರವ ಬೇಕೆ?

ರಾತ್ರಿಯ ಕಾರ್ಯಕ್ರಮ ಅವನಿಗೆ ಬಂದದ್ದು ಬಹುಮಾನವಾಗಿ ಅಲ್ಲ, ಶಿಕ್ಷೆಯಾಗಿ. ಹಿಂದೊಮ್ಮೆ ನಗರಸಭೆಯ ಅಧ್ಯಕ್ಷರು ನಿಲಯಕ್ಕೆ ದಯಮಾಡಿಸಿ, ಊರಿನ ಚರಂಡಿಗಳ ಉಜ್ವಲ ಭವಿಷ್ಯದ ಬಗ್ಗೆ ನೇರ ಪ್ರಸಾರದಲ್ಲಿ ಭಾಷಣ ಬಿಗಿಯುತ್ತಿದ್ದಾಗ, ಪಕ್ಕದಲ್ಲಿ ಕೂತಿದ್ದ ಗೂಬೆ ಆಕಳಿಸಿದ. ಬಾಯಿ ಮುಚ್ಚಿಕೊಂಡು ಅಲ್ಲ. ದವಡೆ ಲಟಕ್ಕೆಂದು, ಕೊನೆಗೆ "ಅಯ್ಯಯ್ಯಪ್ಪಾ" ಎಂಬ ರಾಗವನ್ನೂ ಸೇರಿಸಿ, ಮೈಕಿಗೆ ಮುಖ ಕೊಟ್ಟು ಆಕಳಿಸಿದ. ಆ ಭಾಷಣದಲ್ಲಿ ಜನರಿಗೆ ಅರ್ಥವಾದ ಭಾಗ ಅದೊಂದೇ ಎನ್ನುವುದು ಬೇರೆ ಮಾತು. "ಆಕಳಿಸೋರಿಗೆ ಆಕಳಿಸೋ ಹೊತ್ತೇ ಸರಿ" ಎಂದು ಆಗಿನ ನಿರ್ದೇಶಕರು ಅವನನ್ನು ನಡುರಾತ್ರಿಯ ಪಾಳಿಗೆ ತಳ್ಳಿದರು. ಏನು ಹಾಕಬೇಕು ಎಂದು ಕೇಳಿದ್ದಕ್ಕೆ, "ಏನಾದ್ರೂ ಹಾಕಿಕೊಳ್ಳಿ, ಕೇಳೋರ್ಯಾರು?" ಎಂದರು.

ಆ ಮಾತನ್ನು ಗೂಬೆ ಅಪ್ಪಣೆಯೆಂದೇ ತಿಳಿದ. ವೆಲ್ಡಿಂಗ್ ಅಂಗಡಿಯ ಹುಡುಗರು ತಗಡಿನ ಶೆಡ್ಡಿನಲ್ಲಿ ಕೂತು ರೆಕಾರ್ಡು ಮಾಡಿದ ಕ್ಯಾಸೆಟ್ಟೊಂದನ್ನು ನಿಲಯದ ಕಿಟಕಿಯಿಂದ ಎಸೆದು ಹೋಗಿದ್ದರು. ಅದನ್ನು ಹಾಕಿದ. ಮುಗಿದ ಮೇಲೆ ನೀರಿನ ಪ್ರಕಟಣೆಯ ಅದೇ ದನಿಯಲ್ಲಿ ಹೇಳಿದ: "ಈ ಹುಡುಗರಿಗೆ ಗಿಟಾರ್ ನುಡಿಸೋಕೆ ಬರೋದಿಲ್ಲ. ಆದ್ರೆ ಅದನ್ನ ಮುಚ್ಚಿಟ್ಟಿಲ್ಲ. ಇದಕ್ಕೆ ಪಂಕ್ ಅಂತಾರಂತೆ. ಬರದೇ ಇದ್ರೂ ಭಾಷಣ ಮಾಡೋರನ್ನ ನಾವು ಸಹಿಸ್ಕೊಳ್ಳಲ್ವಾ? ಇವ್ರನ್ನೂ ಸಹಿಸ್ಕೊಳ್ಳೋಣ. ಇವರದ್ದು ಬೇಗ ಮುಗಿಯುತ್ತೆ."

ಅಲ್ಲಿಂದ ಕ್ಯಾಸೆಟ್ಟುಗಳು ಬರತೊಡಗಿದವು. ಗ್ಯಾರೇಜಿನಿಂದ, ಹಾಸ್ಟೆಲಿನಿಂದ, ಆಸ್ಪತ್ರೆಯ ಹಿಂಬದಿಯ ಬಾಯ್ಲರು ಕೋಣೆಯಿಂದ. ಗಿಟಾರು ಕೊಂಡ ವಾರದಲ್ಲೇ ಬ್ಯಾಂಡು ಕಟ್ಟಿದವರು, ಗಿಟಾರು ಕೊಳ್ಳುವ ಮೊದಲೇ ಬ್ಯಾಂಡಿಗೆ ಹೆಸರಿಟ್ಟವರು, ಇಬ್ಬರೇ ಇದ್ದು ಮೂವರು ಜಗಳವಾಡಿ ಬಿಟ್ಟುಹೋದರೆಂದು ಹೇಳಿಕೊಳ್ಳುವವರು. ಅವರಲ್ಲಿ ಒಬ್ಬರನ್ನೂ ಗೂಬೆ ಬಿಡಲಿಲ್ಲ. ಅವನದೊಂದು ಕಟ್ಟಳೆ ಇತ್ತು: ಯಾವ ಕ್ಯಾಸೆಟ್ಟನ್ನೂ ಮೊದಲೇ ಕೇಳಿ ನೋಡುವುದಿಲ್ಲ. ಊರು ಕೇಳುವಾಗಲೇ ತಾನೂ ಕೇಳುತ್ತಾನೆ, ಶುರುವಾದದ್ದನ್ನು ನಡುವೆ ನಿಲ್ಲಿಸುವುದಿಲ್ಲ, ಮುಗಿದೊಡನೆ ಅನ್ನಿಸಿದ್ದನ್ನು ಅಲ್ಲೇ ಹೇಳುತ್ತಾನೆ. "ಮೊದಲನೇ ಸಲ ಕೇಳಿದ ಕಿವಿ ಸುಳ್ಳು ಹೇಳಲ್ಲ," ಎಂದು ಎದೆ ಉಬ್ಬಿಸುತ್ತಿದ್ದ. ತನ್ನ ಕಿವಿಯ ಬಗ್ಗೆ ಅವನಿಗಿದ್ದ ಅಭಿಮಾನ ಪೈಲ್ವಾನನಿಗೆ ತನ್ನ ತೋಳಿನ ಮೇಲೂ ಇರಲಾರದು.

ಈ ಅಭಿಮಾನವನ್ನು ಕಾಸಿನಷ್ಟೂ ಲೆಕ್ಕಕ್ಕೆ ತೆಗೆದುಕೊಳ್ಳದವಳು ಅವನ ಹೆಂಡತಿ. ಮನೆಯ ಮುಂಭಾಗದಲ್ಲಿ ಅವಳದು ಬಟ್ಟೆ ಒಗೆಯುವ ಅಂಗಡಿ. ಬೀದಿಗೆಲ್ಲ ಅವಳು ಲಾಂಡ್ರಿ ಅಕ್ಕ. ಹೋಟೆಲಿನ ಹಾಸಿಗೆ ಬಟ್ಟೆ, ದವಾಖಾನೆಯ ಕೋಟು, ಎದುರುಮನೆಯ ವಕೀಲರ ಬಿಳಿ ಅಂಗಿ, ಎಲ್ಲವೂ ಹೋಗಿ ಬರುವುದು ಮೂಲೆಯ ಆ ದೊಡ್ಡ ಹಳೆಯ ವಾಷಿಂಗ್ ಮೆಷಿನ್ನಿನ ಹೊಟ್ಟೆಯಿಂದ. ಬೆಳಗಿನ ಜಾವಕ್ಕೆ ಏಳಬೇಕಾದವಳು ಗಂಡನ ಕಾರ್ಯಕ್ರಮ ಕೇಳಲು ಎಲ್ಲಿಂದ ಕೂರುತ್ತಾಳೆ? "ಹಗಲೆಲ್ಲ ಮೆಷಿನ್ ಗಲಾಟೆ ಕೇಳೋಳಿಗೆ ರಾತ್ರಿ ಬೇರೆ ನಿಮ್ಮದು ಬೇಕೇನ್ರೀ?" ಎಂದು ದಿಂಬಿಗೆ ತಲೆ ಕೊಟ್ಟರೆ ಮುಗಿಯಿತು.

ಹೀಗೆ ಯಾರಿಗೂ ತೊಂದರೆಯಿಲ್ಲದೆ ವರ್ಷಗಳು ಉರುಳಿದವು. ಆಮೇಲೆ ನಿಲಯಕ್ಕೆ ಹೊಸ ಸಾಹೇಬರು ಬಂದರು.

ಸಾಹೇಬರಿಗೆ ತಮ್ಮ ದನಿಯ ಮೇಲೆ ತುಂಬ ಪ್ರೀತಿ. ಊಟಕ್ಕೆ ಬನ್ನಿ ಎಂದರೂ ಶೋಕಸಂದೇಶ ಓದಿದ ಹಾಗಿರುತ್ತಿತ್ತು. ಗೂಬೆಯನ್ನು ಕೋಣೆಗೆ ಕರೆಸಿದರು.

"ಏನ್ರೀ, ನಿಮ್ಮ ಈ ಪಂಕು ಗಿಂಕು ಯಾರು ಕೇಳ್ತಾರೆ?"

"ನಿದ್ದೆ ಬರದೇ ಇರೋರು ಸಾರ್."

"ಅದೇ! ಅವ್ರಿಗೆ ಬೇಕಾಗಿರೋದು ನಿದ್ದೆ. ಆ ಹೊತ್ತಿಗೆ 'ಸುಖನಿದ್ರೆ' ಅಂತ ಹೊಸ ಕಾರ್ಯಕ್ರಮ ಯೋಚನೆ ಮಾಡಿದೀನಿ. ನಾನೇ ಮಾತಾಡ್ತೀನಿ."

"ನೀವು ಮಾತಾಡಿದ್ರೆ ನಿದ್ದೆ ಖಂಡಿತ ಸಾರ್," ಎಂದ ಗೂಬೆ, ಮನಸಾರೆ.

ಸಾಹೇಬರು ಅದನ್ನು ಹೊಗಳಿಕೆಯೆಂದೇ ಜೇಬಿಗಿಳಿಸಿದರು. ಆದರೂ ಉದಾರಿಗಳು, ತಿಂಗಳ ಕೊನೆಯವರೆಗೆ ಗಡುವು ಕೊಟ್ಟರು. ಅಷ್ಟರಲ್ಲಿ ಜನ ಕೇಳುತ್ತಾರೆ ಎಂಬುದಕ್ಕೆ ಏನಾದರೂ ಗುರುತು ಸಿಕ್ಕರೆ ಸರಿ. ಇಲ್ಲದಿದ್ದರೆ ಪಂಕಿಗೆ ಮಂಗಳ, ಊರಿಗೆ ಸುಖನಿದ್ರೆ.

ಗೂಬೆ ಬಾಲ ಸುಟ್ಟ ಬೆಕ್ಕಿನಂತೆ ಮನೆಗೆ ಬಂದ. ನೀರಿಲ್ಲ, ರಸ್ತೆಯಿಲ್ಲ, ಮುದುಕರಿಲ್ಲ ಎಂದು ಹಗಲೆಲ್ಲ ಇಲ್ಲಗಳನ್ನೇ ಓದುವವನಿಗೆ ಹೊಸದಾಗಿ ಏನೋ ಇದೆ ಎಂದು ಹೇಳಲು ಸಿಕ್ಕಿದ್ದು ಆ ಒಂದು ಪಾಳಿ. ಅದೂ ಹೋದರೆ ಉಳಿಯುವುದು ಬಕೆಟ್ಟು ಮಾತ್ರ.

ಮನೆಯಲ್ಲಿ ಹೆಂಡತಿಯ ಸಂಕಟ ಬೇರೆ ಇತ್ತು. ಮೆಷಿನ್ನು ಕೆಲವು ದಿನಗಳಿಂದ ರೌದ್ರಾವತಾರ ತಾಳಿತ್ತು. ಗುಡುಗುಡು ಎಂದು ಶುರುವಾಗಿ, ಕಟಕಟನೆ ಹಲ್ಲು ಕಡಿದು, ನೆಲದ ಮೇಲೆ ಒಂದು ಗೇಣು ನಡೆದು ಗೋಡೆಗೆ ಡಿಕ್ಕಿ ಹೊಡೆಯುತ್ತಿತ್ತು. ರಿಪೇರಿಯವನು ಬಾಗಿಲಲ್ಲಿ ಚಪ್ಪಲಿ ಬಿಟ್ಟನೋ, ಹೆಣ್ಣು ನೋಡಲು ಬಂದ ಮದುವೆ ಗಂಡಿನಷ್ಟು ಸಂಭಾವಿತವಾಗಿಬಿಡುತ್ತಿತ್ತು. "ಎಲ್ಲಕ್ಕಾ ಶಬ್ದ? ನೀವೇ ಕಿವಿ ತೋರಿಸ್ಕೋಬೇಕು," ಎಂದು ಅವನು ಹಲವು ಸಲ ಬಂದು ಹೋದ. ರೋಸಿಹೋದ ಅವಳು ಗಂಡನ ಟೇಪ್ ರೆಕಾರ್ಡರನ್ನೇ ಎತ್ತಿಕೊಂಡು ಬಂದು ಮೆಷಿನ್ನಿನ ಮುಂದಿಟ್ಟು, ಅದರ ಇಡೀ ರಂಪವನ್ನು ಒಂದು ಕ್ಯಾಸೆಟ್ಟಿಗೆ ಹಿಡಿದಳು. ರಿಪೇರಿಯವನಿಗೆ ಕಳಿಸಿದರೆ ಇನ್ನು ಇಲ್ಲವೆನ್ನಲು ಬಾಯಿ ಎಲ್ಲಿರುತ್ತದೆ?

ಅವಳು ಅದನ್ನಿಟ್ಟ ಮೇಜಿನ ಮೇಲೆ, ಡಬ್ಬಿಯಿಂದ ಹೊರಗೆ ಬಿದ್ದಿದ್ದ ಇನ್ನೊಂದು ಕ್ಯಾಸೆಟ್ಟಿತ್ತು. ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದ ಮೂವರು ಹುಡುಗಿಯರು ಕಳಿಸಿದ್ದು. ಬ್ಯಾಂಡಿನ ಹೆಸರು 'ಓವರ್‌ಟೈಮ್'. ಎರಡೂ ಅಗ್ಗದವು, ಒಂದೇ ಬೂದು ಬಣ್ಣದವು, ಎರಡಕ್ಕೂ ಮೈಮೇಲೆ ಚೀಟಿಯಿಲ್ಲ. ಸಂಜೆ ಮೇಜು ಒರೆಸುವಾಗ ಅವಳು ಒಂದನ್ನು ಓವರ್‌ಟೈಮ್ ಡಬ್ಬಿಗೆ ತುರುಕಿದಳು, ಇನ್ನೊಂದನ್ನು ರಿಪೇರಿಯವನಿಗೆ ಕೊಟ್ಟಳು. ಯಾವುದು ಎಲ್ಲಿಗೆ ಹೋಗಬಾರದಿತ್ತೋ ಅಲ್ಲಿಗೇ ಹೋಯಿತು.

ಆ ರಾತ್ರಿ ಸ್ಟುಡಿಯೋದಲ್ಲಿ ಗೂಬೆ ಡಬ್ಬಿಯ ಮೇಲಿನ ಹೆಸರನ್ನು ಗಂಭೀರವಾಗಿ ಓದಿ ಗುಂಡಿ ಒತ್ತಿದ. ಗುಡುಗುಡು. ಕಟಕಟ. ಲೋಹದ ಮೇಲೆ ಲೋಹ ಉಜ್ಜಿದ ಕೀರಲು. ಶಬ್ದ ಏರಿ ಏರಿ ಇನ್ನೇನು ಗೋಡೆ ಒಡೆಯಿತು ಎನ್ನುವಾಗ ಹೆಣ್ಣು ದನಿಯೊಂದು ಕಿರಿಚಿತು: "ಕೇಳಿಸ್ತಾ? ದಿನಾ ಹೀಗೇ ಇದು! ಹೇಳಿದ್ರೆ ಯಾರೂ ನಂಬಲ್ಲ! ಬಂದವ್ರ ಮುಂದೆ ಮಾತ್ರ ಸಂಭಾವಿತ! ಕೇಳಿಸ್ತಾ?" ಆಮೇಲೆ ಧಡ್ ಎಂದು ಒಂದೇಟು, ಮೌನ.

ಗೂಬೆಗೆ ಮೈ ಜುಮ್ಮೆಂದಿತು. ಕನ್ನಡಕ ತೆಗೆದು ಒರೆಸಿಕೊಂಡ.

"ಇಷ್ಟು ವರ್ಷದಲ್ಲಿ," ಎಂದ ಮೈಕಿಗೆ, "ಇಷ್ಟು ಪ್ರಾಮಾಣಿಕವಾದ ತಾಳ ನಾನು ಕೇಳಿಲ್ಲ. ಡ್ರಮ್ ಬಾರಿಸೋಳಿಗೆ ಎಲ್ಲಿಗೆ ಹೋಗ್ತಿದೀನಿ ಅಂತ ಗೊತ್ತಿಲ್ಲ, ಆದ್ರೂ ನಿಲ್ಲಲ್ಲ. ಇನ್ನು ಆ ಹಾಡೋ ಹುಡುಗಿ... ಆ ದನಿ ಕೇಳಿದ್ರಾ? ಇವಳು ಹೇಳಿದ್ದನ್ನ ಇಷ್ಟು ದಿನ ಯಾರೂ ಕಿವಿಗೆ ಹಾಕಿಕೊಂಡೇ ಇಲ್ಲ. ಅವಳ ಮನೇಲಿ ಎಂಥಾ ಜನ ಇದಾರೋ!"

ಎಂಥ ಜನವೆಂದು ಊರಿಗೆಲ್ಲ ಹೇಳಿದವನು ಬೆಳಗಿನ ಜಾವ ಮನೆಗೆ ಬಂದು, ಆ ಹಾಡುವ ಹುಡುಗಿಯ ಪಕ್ಕದಲ್ಲೇ ಮಲಗಿ ಗೊರಕೆ ಹೊಡೆದ.

ಮಾರನೆಯ ದಿನದಿಂದ ನಿಲಯದ ಫೋನು ಬಾಯಿ ಮುಚ್ಚಲಿಲ್ಲ. ಅದನ್ನೇ ಮತ್ತೆ ಹಾಕಿ ಎಂದು ಹಾಸ್ಟೆಲಿನಿಂದ ಫೋನು, ಟ್ಯಾಕ್ಸಿ ನಿಲ್ದಾಣದಿಂದ ಫೋನು, ಆಸ್ಪತ್ರೆಯ ರಾತ್ರಿ ಪಾಳಿಯ ನರ್ಸಮ್ಮನಿಂದ ಫೋನು. ವಾರ ಕಳೆಯುವಷ್ಟರಲ್ಲಿ ಕಾಲೇಜಿನ ಕಾಂಪೌಂಡಿನ ಮೇಲೆ ಇದ್ದಿಲಿನಲ್ಲಿ 'ಕೇಳಿಸ್ತಾ?' ಎಂದು ಬರೆದಿತ್ತು. ಪತ್ರಿಕೆಯವರು ಬಂದರು. ಸಾಹೇಬರು ಹೊಸ ಟೈ ಕಟ್ಟಿಕೊಂಡು ಅವರಿಗೆ ಸಂದರ್ಶನ ಕೊಟ್ಟರು: "ಆ ತಾಳದಲ್ಲಿ ದುಡಿಯುವ ಹೆಣ್ಣಿನ ಆಂತರಿಕ ಘರ್ಷಣೆಯಿದೆ. ಇಂಥ ಪ್ರತಿಭೆಯನ್ನು ನಾನು ಖುದ್ದಾಗಿ ಗುರುತಿಸಿ ಬೆಳಕಿಗೆ ತಂದೆ." ಘರ್ಷಣೆಯ ವಿಷಯದಲ್ಲಿ ಅವರು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ನಿಲಯದ ವಾರ್ಷಿಕೋತ್ಸವದ ಸಂಜೆ, ಗಣ್ಯರೆಲ್ಲ ನಿಲಯದಲ್ಲಿ ನೆರೆಯುವ ಹೊತ್ತಿನಲ್ಲಿ, ಓವರ್‌ಟೈಮ್ ಬ್ಯಾಂಡು ಸ್ಟುಡಿಯೋದಲ್ಲೇ ಆ ಹಾಡನ್ನು ನುಡಿಸುವುದೆಂದು ತೀರ್ಮಾನವಾಯಿತು. ಸುಖನಿದ್ರೆಯ ಮಾತು ಸುಖವಾಗಿ ನಿದ್ರಿಸಿತು.

ಗೂಬೆ ನೆಲದಿಂದ ಒಂದಡಿ ಮೇಲೆ ನಡೆಯುತ್ತಿದ್ದ ಆ ದಿನಗಳಲ್ಲಿ ಒಂದು ಬೆಳಿಗ್ಗೆ ರಿಪೇರಿಯವನು ಮನೆಗೆ ಬಂದ. ಮುಖ ಬಾಡಿಸಿಕೊಂಡಿದ್ದ.

"ಅಕ್ಕಾ, ಸ್ವಲ್ಪ ಕೂತ್ಕೊಳ್ಳಿ."

"ಯಾಕಪ್ಪಾ, ಏನಾಯ್ತು?" ಎಂದಳು ಲಾಂಡ್ರಿ ಅಕ್ಕ.

"ಕ್ಯಾಸೆಟ್ ಕೇಳ್ದೆ. ಪೂರ್ತಿ ಕೇಳೋಕಾಗ್ಲಿಲ್ಲ. ಇನ್ನು ಈ ಮೆಷಿನ್ ಆಸೆ ಬಿಟ್ಬಿಡಿ. ಒಳಗಡೆ ಮೂರು ಭಾಗ ಮೂರು ದಿಕ್ಕಿಗೆ ತಿರುಗ್ತಿದೆ, ಒಂದಕ್ಕೊಂದು ಸಂಬಂಧವೇ ಇಲ್ಲ. ನಡುವೆ ಯಾರೋ ಕೂಗ್ಕೊಂಡ ಹಾಗೂ ಇದೆ. ಕೈ ಗಿಯ್ಯಿ ಸಿಕ್ಕಿಸ್ಕೊಂಡ್ರಾ ಅಕ್ಕಾ?"

ಅವಳು ಕ್ಯಾಸೆಟ್ಟು ಹಾಕಿ ಕೇಳಿದಳು. ಗಿಟಾರೊಂದು ಒಂದು ಕಡೆ, ಡ್ರಮ್ಮು ಇನ್ನೊಂದು ಕಡೆ. ನಡುವೆ ಎಳೆಯ ದನಿಯೊಂದು ಮೇಲ್ವಿಚಾರಕನ ಗಡಿಯಾರ ಯಾವಾಗಲೂ ಹಿಂದೆಯೇ ಏಕೆ ಓಡುತ್ತದೆ ಎಂದು ಕೇಳುತ್ತಿತ್ತು. ಅವಳಿಗೆ ಎಲ್ಲ ಹೊಳೆಯಿತು. ಬೀದಿಯ ಮಕ್ಕಳು ವಾರದಿಂದ "ಕೇಳಿಸ್ತಾ, ಕೇಳಿಸ್ತಾ" ಎಂದು ಕೂಗಿಕೊಂಡು ಓಡುತ್ತಿದ್ದದ್ದೂ ಏಕೆಂದು ತಿಳಿಯಿತು. ಸೀದಾ ಒಳಗೆ ಹೋಗಿ ಗಂಡನ ಹೊದಿಕೆ ಕಿತ್ತೆಸೆದಳು.

"ರೀ, ಏಳ್ರೀ ಮೇಲೆ. ಆ ಮಹಾ ಗಾಯಕಿ ಯಾರು ಹೇಳಿ ನೋಡೋಣ."

"ಬಿಸ್ಕತ್ ಫ್ಯಾಕ್ಟರಿ ಹುಡುಗಿ ಕಣೆ..."

"ಕೇಳಿಸ್ತಾ?" ಎಂದು ಕಿವಿಯ ಹತ್ತಿರ ಬಂದು ಕೂಗಿದಳು. "ದಿನಾ ಹೀಗೇ ಇದು! ಹೇಳಿದ್ರೆ ಯಾರೂ ನಂಬಲ್ಲ!"

ಗೂಬೆ ಕುತ್ತಿಗೆಯನ್ನಷ್ಟೇ ಹೊರಳಿಸಿ ಅವಳನ್ನು ನೋಡಿದ. ಬಹಳ ಹೊತ್ತು ನೋಡಿದ. ಮುಖದ ಬಣ್ಣ ನೀರು ಬಿಟ್ಟ ಸುಣ್ಣದಂತಾಯಿತು.

"ಮೆಷಿನ್ನಾ ಅದು?"

"ಮೆಷಿನ್ ಗುರುತು ಸಿಗಲಿಲ್ಲ, ಹೋಗ್ಲಿ. ಅದನ್ನ ತಂದು ವರ್ಷ ಹತ್ತಾಗಿಲ್ಲ. ನನ್ನ ತಂದು ಎಷ್ಟಾಯ್ತು? ಹೆಂಡ್ತಿ ದನಿ ಗೊತ್ತಾಗ್ಲಿಲ್ವೇನ್ರೀ? ಅದೇನೋ ಮೊದಲ್ನೇ ಸಲ ಕೇಳಿದ ಕಿವಿ ಸುಳ್ಳು ಹೇಳಲ್ಲ ಅಂತಿದ್ರಿ. ನಿಜ ಬಿಡಿ, ನನ್ನ ಮಾತು ನೀವು ಕೇಳಿದ್ದು ಅದೇ ಮೊದಲ್ನೇ ಸಲ!"

ಗೂಬೆ ದಿಂಬಿನಡಿ ಕನ್ನಡಕ ತಡಕಿದ. "ದನಿ ಚೆನ್ನಾಗಿತ್ತು ಕಣೆ," ಎಂದು ಗೊಣಗಿದ. ಅವಳ ತುಟಿಯ ಅಂಚು ಸ್ವಲ್ಪ ಅಲುಗಿತು, ಆದರೆ ಹೊದಿಕೆ ವಾಪಸು ಕೊಡಲಿಲ್ಲ.

ಒಂದು ಗಂಡಾಂತರಕ್ಕೆ ಜೊತೆ ಬೇಡವೇ? ಅದೇ ಸಂಜೆ ಆ ಮೂವರು ಹುಡುಗಿಯರು ಕಾರ್ಖಾನೆಯ ಟೋಪಿ ತೆಗೆಯದೆ ಲಾಂಡ್ರಿಯ ಬಾಗಿಲಿಗೆ ಬಂದರು. ಉದ್ದನೆಯವರಿಬ್ಬರು ಹಿಂದೆ, ಕುಳ್ಳಿ ಮುಂದೆ. ಡ್ರಮ್ ಬಾರಿಸುವವಳು ಅವಳೇ.

"ಅಂಕಲ್, ಅದು ನಮ್ದಲ್ಲ," ಎಂದಳು ಕುಳ್ಳಿ.

"ಗೊತ್ತಾಯ್ತು ತಾಯಿ. ಇಷ್ಟು ದಿನ ಯಾಕೆ ಸುಮ್ನಿದ್ರಿ?"

ಹಿಂದಿದ್ದವಳೊಬ್ಬಳು ನೆಲ ನೋಡುತ್ತ ಹೇಳಿದಳು: "ನಮ್ಮ ಮೇಲ್ವಿಚಾರಕರು ಮೊದಲ್ನೇ ಸಲ ಮುಖ ನೋಡಿ ಮಾತಾಡ್ಸಿದ್ರು ಅಂಕಲ್. ನಮ್ಮಪ್ಪ ಬೀದಿಗೆಲ್ಲ ಹೇಳ್ಕೊಂಡು ಬಂದ್ರು. ಸುಮ್ನೆ ಇದ್ಬಿಡೋಣ ಅಂತ ನಾವಿಬ್ರೂ ಅಂದ್ವಿ. ಇವಳು ಕೇಳಲ್ಲ."

"ಹೇಗೆ ಕೇಳ್ಲಿ?" ಕುಳ್ಳಿ ಉರಿದುಬಿದ್ದಳು. "ರಾತ್ರಿ ಪಾಳಿ ಮುಗಿಸಿ, ಹಿಟ್ಟಿನ ಡಬ್ಬ ಬಡಿದು ಬಡಿದು ಕಲ್ತಿದೀನಿ. ಹೋಗೋ ದಾರಿ ಗೊತ್ತಿಲ್ಲ ಅಂದ್ರಲ್ಲ ಅಂಕಲ್, ನಂಗೆ ಗೊತ್ತು! ನಮ್ದು ಕೆಟ್ಟದಾಗಿದ್ರೆ ಕೆಟ್ಟದು ಅನ್ನಿ. ಕೇಳಿ ಅನ್ನಿ."

ಲಾಂಡ್ರಿ ಅಕ್ಕ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು, "ಒಳಗೆ ಬನ್ರೇ. ಈ ಮನೇಲಿ ಕೇಳಿಸ್ಕೊಳ್ದೇ ಇರೋದು ನಿಮ್ದೊಂದೇ ಅಲ್ಲ," ಎಂದಳು.

ಗೂಬೆ ಮರುದಿನ ಸಾಹೇಬರಿಗೆ ಎಲ್ಲವನ್ನೂ ಹೇಳಿದ. ಸಾಹೇಬರ ಟೈ ತಾನಾಗಿಯೇ ಬಿಗಿಯಾಯಿತು.

"ಅಂದ್ರೆ... ಆಂತರಿಕ ಘರ್ಷಣೆ?"

"ಮೆಷಿನ್ನಿನ ಬೇರಿಂಗು ಇರ್ಬೇಕು ಸಾರ್."

ಸಾಹೇಬರು ಎದ್ದು ಬಾಗಿಲು ಹಾಕಿ ಬಂದರು. "ನೋಡ್ರೀ, ಯಾರ ಹತ್ರನೂ ತುಟಿ ಬಿಚ್ಬೇಡಿ. ಆ ಹುಡುಗೀರು ಬರ್ಲಿ, ಎದುರಿಗೆ ನಿಂತು ಕೈ ಆಡಿಸ್ಲಿ, ನಾವು ಹಿಂದಿನಿಂದ ಕ್ಯಾಸೆಟ್ ಹಾಕೋಣ. ನಿಮ್ಮ ಪಂಕೂ ಉಳಿಯುತ್ತೆ, ನನ್ನ ಮಾನಾನೂ ಉಳಿಯುತ್ತೆ. ಬಾಯಿ ಬಿಟ್ರೋ, ಮಾರನೇ ರಾತ್ರಿಯಿಂದ ಸುಖನಿದ್ರೆ. ತಿಳೀತಾ?"

ತಿಳಿಯದೆ ಏನು. ಇಷ್ಟು ವರ್ಷ ಅವನು ಹೊಸಬರಿಗೆ ಕೊಡುತ್ತಿದ್ದದ್ದು ಒಂದೇ ಒಂದು ವಸ್ತು, ಮೊದಲ ಸಲ ಕೇಳುವ ಕಿವಿ. ಈ ಮೂವರ ಪಾಲಿನದನ್ನು ವಾಷಿಂಗ್ ಮೆಷಿನ್ನಿಗೆ ಕೊಟ್ಟು ಕೂತಿದ್ದ. ಈಗ ಬಾಯಿ ಮುಚ್ಚಿಕೊಂಡರೆ ಕಾರ್ಯಕ್ರಮ ಉಳಿಯುತ್ತದೆ. ಅದರೊಳಗೆ ಉಳಿಯುವುದೇನು ಎಂಬುದೇ ಪ್ರಶ್ನೆ. ಆ ರಾತ್ರಿ ಏನು ಮಾಡಲಿ ಎಂದು ಹೆಂಡತಿಯನ್ನು ಕೇಳಿದ. "ನನ್ನ ಕೇಳ್ತಿದೀರಾ? ಜ್ವರ ಗಿರ ಬಂದಿಲ್ಲ ತಾನೆ?" ಎಂದು ಹಣೆ ಮುಟ್ಟಿ ನೋಡಿದಳು. ಆಮೇಲೆ ಹೇಳಿದಳು: "ಬಂದವ್ರ ಮುಂದೆ ಸಂಭಾವಿತ ಆಗೋ ಬುದ್ಧಿ ಆ ಮೆಷಿನ್ನಿಗಿರ್ಲಿ. ನಿಮಗೆ ಬೇಡ."

ವಾರ್ಷಿಕೋತ್ಸವದ ಸಂಜೆ ಸ್ಟುಡಿಯೋದ ಗಾಜಿನ ಆಚೆ ಗಣ್ಯರು ಸಾಲಾಗಿ ಕೂತಿದ್ದರು. ಆಕಳಿಕೆಯ ನೆನಪಿದ್ದ ಅಧ್ಯಕ್ಷರು ಕೊಂಚ ದೂರವೇ ಕೂತಿದ್ದರು. ಈಚೆ, ಸದ್ದು ಹೀರಲೆಂದು ಮೊಟ್ಟೆಯ ಟ್ರೇ ಅಂಟಿಸಿದ ಗೋಡೆಯ ಮುಂದೆ, ಮೂವರು ಹುಡುಗಿಯರು ಎರವಲು ಗಿಟಾರು ಹಿಡಿದು ಬೆವರುತ್ತಿದ್ದರು. ಕುಳ್ಳಿಯ ಎದುರು ಹಿಟ್ಟಿನ ಡಬ್ಬಗಳಿದ್ದವು. ಸಾಹೇಬರು ಕ್ಯಾಸೆಟ್ಟನ್ನು ತಮ್ಮ ಕೈಯಾರೆ ಯಂತ್ರಕ್ಕೆ ಹಾಕಿ, ಗಾಜಿನ ಆಚೆ ಹೋಗಿ ಕೂತು ನಕ್ಕರು. ಕೆಂಪು ದೀಪ ಹತ್ತಿತು.

"ಒಂದು ಪ್ರಕಟಣೆ," ಎಂದ ಗೂಬೆ. ಊರಿನಲ್ಲಿ ಅದೆಷ್ಟು ಹೆಂಗಸರು ಬಕೆಟ್ಟಿಗೆ ಓಡಿದರೋ. "ನೀವೆಲ್ಲ ಮೆಚ್ಚಿದ ಆ ಹಾಡು ನಮ್ಮ ಮನೆ ವಾಷಿಂಗ್ ಮೆಷಿನ್ನಿನದು. ಕ್ಯಾಸೆಟ್ ಅದಲು ಬದಲಾಯಿತು. ಹಾಡಿದವಳು ನನ್ನ ಹೆಂಡತಿ. ಅವಳ ಮನೇಲಿ ಎಂಥಾ ಜನ ಇದಾರೋ ಅಂತ ಅವತ್ತು ಕೇಳಿದ್ದೆ. ನಾನೇ ಇದೀನಿ. ಕಂಡವರು ತಿಳಿಸೋ ಅಗತ್ಯವಿಲ್ಲ. ಈಗ ಓವರ್‌ಟೈಮ್. ನಾನೂ ಮೊದಲನೇ ಸಲ ಕೇಳ್ತಿದೀನಿ."

ಗಾಜಿನ ಆಚೆ ಸಾಹೇಬರ ಬಾಯಿ ತೆರೆದು ಮುಚ್ಚುತ್ತಿತ್ತು. ಗಾಜು ಗಟ್ಟಿಯಾದದ್ದರಿಂದ ಊರಿಗೆ ನಷ್ಟವಾಗಲಿಲ್ಲ. ಕುಳ್ಳಿ ಡಬ್ಬ ಬಡಿದಳು. ಹುಡುಗಿಯರು ನುಡಿಸಿದರು. ಗಿಟಾರು ನಡುವೆ ಎಲ್ಲೋ ಕಳೆದುಹೋಗಿ ಕೊನೆಗೆ ಬಂದು ಸೇರಿಕೊಂಡಿತು. ಮುಗಿದಾಗ ಗೂಬೆ ಕನ್ನಡಕ ಒರೆಸಿಕೊಳ್ಳಲಿಲ್ಲ.

"ಗಿಟಾರು ಕೆಟ್ಟದಾಗಿದೆ," ಎಂದ. "ಮಾತು ಚೆನ್ನಾಗಿದೆ. ಡ್ರಮ್ ಬಾರಿಸೋಳಿಗೆ ಎಲ್ಲಿಗೆ ಹೋಗ್ತಿದೀನಿ ಅಂತ ಗೊತ್ತು. ಉಳಿದಿಬ್ರು ಅವಳ ಹಿಂದೆ ಹೋದ್ರೆ ಸಾಕು."

ಕುಳ್ಳಿ ಹಲ್ಲು ಕಿರಿದಳು. ಉಳಿದಿಬ್ಬರು ಅವಳನ್ನು ಕೊಲ್ಲುವ ಹಾಗೆ ನೋಡಿದರು. ನಿಜವಾದ ಬ್ಯಾಂಡು ಹುಟ್ಟಿದ್ದು ಆ ಕ್ಷಣದಲ್ಲಿ.

ಮೊದಲ ಫೋನು ಬಂತು. "ಸಾರ್, ಮೆಷಿನ್ನೇ ಚೆನ್ನಾಗಿತ್ತು." ಎರಡನೆಯದೂ ಅದನ್ನೇ ಹೇಳಿತು. ಮೂರನೆಯದು ಬಿಸ್ಕತ್ತು ಕಾರ್ಖಾನೆಯ ಮೇಲ್ವಿಚಾರಕನದು: ಹಾಡಿನಲ್ಲಿ ಬಂದ ಗಡಿಯಾರ ಯಾವುದೆಂದು ತಿಳಿಯಬೇಕಿತ್ತಂತೆ. ಹುಡುಗಿಯರ ಮಾತು ಅಂತೂ ಒಬ್ಬನಿಗೆ ಸರಿಯಾಗಿ ಕೇಳಿಸಿತ್ತು.

ಇನ್ನು ಸುಖನಿದ್ರೆ ಎಂದು ಗೂಬೆ ತನ್ನ ಚಹಾ ಲೋಟವನ್ನೂ ಚೀಲಕ್ಕೆ ಹಾಕಿಕೊಂಡ. ಆದರೆ ಸಾಹೇಬರಿಗೆ ಅವನಿಗಿಂತ ದೊಡ್ಡ ತಾಪತ್ರಯವಿತ್ತು. ವಾಷಿಂಗ್ ಮೆಷಿನ್ನನ್ನು ಖುದ್ದಾಗಿ ಗುರುತಿಸಿ ಬೆಳಕಿಗೆ ತಂದವರು ಅವರು. ಅದು ಅಚ್ಚಾಗಿತ್ತು, ಫೋಟೋ ಸಮೇತ. ಕಾರ್ಯಕ್ರಮ ನಿಲ್ಲಿಸಿದರೆ ಏಕೆ ನಿಲ್ಲಿಸಿದಿರಿ ಎಂದು ಕೇಳುತ್ತಾರೆ. ಆದ್ದರಿಂದ ಮರುದಿನದ ಪತ್ರಿಕೆಯಲ್ಲಿ ಅವರ ಹೇಳಿಕೆ ಬಂತು: ಇದು ಶ್ರೋತೃಗಳ ಅಭಿರುಚಿಯನ್ನು ಪರೀಕ್ಷಿಸಲು ನಿಲಯವು ತಮ್ಮ ಮಾರ್ಗದರ್ಶನದಲ್ಲಿ ನಡೆಸಿದ ಪ್ರಯೋಗ, ಪ್ರಯೋಗ ಮುಂದುವರಿಯಲಿದೆ. ಹೀಗೆ ಊರಿನ ಹೊಸ ಬ್ಯಾಂಡುಗಳನ್ನು ಕಾಪಾಡಿದ್ದು ಸಂಗೀತಪ್ರೇಮವಲ್ಲ, ಒಬ್ಬ ದೊಡ್ಡ ಮನುಷ್ಯನ ಮರ್ಯಾದೆ. ಆ ಮರ್ಯಾದೆಗೆ ಗೂಬೆ ಇಂದಿಗೂ ಋಣಿ.

ಮೆಷಿನ್ನು ರಿಪೇರಿಯಾಗಿ ಬೆಕ್ಕಿನಂತೆ ಗುರುಗುಟ್ಟುತ್ತಿದೆ. ಓವರ್‌ಟೈಮ್ ಹುಡುಗಿಯರು ಇನ್ನೊಂದು ಕ್ಯಾಸೆಟ್ಟು ಕಳಿಸಿದರು. ಕ್ಯಾಸೆಟ್ಟಿನ ಮೈಮೇಲೆ, ಡಬ್ಬಿಯ ಮೇಲೆ, ಸುತ್ತಿದ ಕಾಗದದ ಮೇಲೆ, ಎಲ್ಲ ಕಡೆ 'ಇದು ನಾವೇ' ಎಂದು ಬರೆದಿತ್ತು. ಗೂಬೆ ಅದನ್ನು ಹಾಕಿದ ರಾತ್ರಿ ಸ್ಟುಡಿಯೋದ ಫೋನು ಹೊಡೆದುಕೊಂಡಿತು.

"ಗಿಟಾರು ಈ ಸಲ ಪರವಾಗಿಲ್ಲ," ಎಂದಿತು ಹೆಣ್ಣು ದನಿ. "ಆದ್ರೆ ಆ ಕುಳ್ಳೀನ ಇನ್ನೂ ಸ್ವಲ್ಪ ಮುಂದಕ್ಕೆ ಬಿಡ್ಬೇಕು."

ಗೂಬೆಗೆ ಸಂತೋಷವಾಯಿತು. ಎಂಥ ಕಿವಿ! "ಸರಿಯಾಗಿ ಹೇಳಿದ್ರಿ ಅಮ್ಮಾ," ಎಂದ ಆದರದಿಂದ. "ತಾವು ಯಾರು ಮಾತಾಡ್ತಿರೋದು?"

ಆ ಕಡೆಯಿಂದ ಫೋನು ಕುಕ್ಕಿದ ಶಬ್ದ ಧಡ್ ಎಂದು ಬಂತು. ಆ ಧಡ್ಡನ್ನು ಮಾತ್ರ ಅವನು ಕೂಡಲೇ ಗುರುತಿಸಿದ.